ಅವ್ವನ ಭಟ್ಟಿ ಅಂಗಿ

ನಮ್ಮಪ್ಪ ಬಿಟ್ಟುಹೋದದ್ದು ಎರಡೇ. ಒಂದು ನಾನು, ಇನ್ನೊಂದು ನೀಲಿ ಗೀಟಿನ ತುಂಬುತೋಳಿನ ಅಂಗಿ. ಲಾರಿ ಕ್ಲೀನರ್ ಆಗಿದ್ದ ಅವನು ಒಂದು ದಿನ ಲೋಡಿನ ಜೊತೆ ಹೋದವನು ಲೋಡಿನ ಜೊತೆಗೇ ಎಲ್ಲೋ ಇಳಿದುಬಿಟ್ಟ. ಅವ್ವ ಅವನನ್ನು ಹುಡುಕಿಸಲಿಲ್ಲ, ಬಯ್ಯಲೂ ಇಲ್ಲ. ಗೂಟದಲ್ಲಿ ನೇತಾಡುತ್ತಿದ್ದ ಅಂಗಿ ತೆಗೆದು ಸೀರೆಯ ಮೇಲೆ ತೊಟ್ಟುಕೊಂಡಳು, ತೋಳು ಮೊಣಕೈತನಕ ಮಡಚಿದಳು, ಭಟ್ಟಿಗೆ ಕೆಲಸಕ್ಕೆ ಹೋದಳು.

ದಾವಣಗೆರೆಯಲ್ಲಿ ಭಟ್ಟಿ ಅಂದರೆ ಮಂಡಕ್ಕಿ ಭಟ್ಟಿ. ಬೇರೆ ಭಟ್ಟಿ ನೆನಪಾದವರು ಹೊರಗಿನವರು ಅಂತಲೇ ಲೆಕ್ಕ. ನಮ್ಮ ಓಣಿ ಆ ಭಟ್ಟಿಗಳ ಬೆನ್ನಿಗೇ ಇತ್ತು. ಬಿಳಿ ಬಟ್ಟೆ ಒಣಗಲು ಹಾಕಿದರೆ ಸಂಜೆಗೆ ಬೂದಿ ಬಣ್ಣದ್ದಾಗಿ ಒಳಗೆ ಬರುತ್ತಿತ್ತು. ಕಾದ ಮರಳಿಗೆ ಉಪ್ಪುನೀರು ಹಚ್ಚಿದ ಅಕ್ಕಿ ಹಾಕಿ ಗಂಡಸರು ತಿರುವುತ್ತಿದ್ದರು. ಅರಳಿದ್ದನ್ನು ಜರಡಿ ಹಿಡಿದು, ಮರಳು ಬೇರೆ ಮಾಡಿ, ಚೀಲಕ್ಕೆ ತುಂಬುವುದು ಹೆಂಗಸರ ಪಾಲಿನ ಕೆಲಸ. ಬಿಸಿ ಮರಳು ಮೈಗೆ ಸಿಡಿಯುತ್ತದೆಂದು ಅಲ್ಲಿನ ಹೆಂಗಸರೆಲ್ಲ ಸೀರೆಯ ಮೇಲೊಂದು ಗಂಡಸರ ಅಂಗಿ ಹಾಕುತ್ತಿದ್ದರು. ಗಂಡ ಇದ್ದವರದು ಹಳೆಯ ಅಂಗಿ, ಇಲ್ಲದವರದು ಸಂತೆಯ ಅಂಗಿ. ನಮ್ಮವ್ವನದು ಓಡಿಹೋದವನ ಅಂಗಿ. ಅವನು ಮಾಡಿದ ಉಪಕಾರ ಅಷ್ಟೇ.

ಆ ಅಂಗಿಗೆ ಎದೆಯ ಮೇಲೊಂದು ಜೇಬಿತ್ತು. ಸಂಜೆ ಅವ್ವ ಬಂದಳೆಂದರೆ ನಾನು ಅವಳ ಮುಖ ನೋಡುತ್ತಿರಲಿಲ್ಲ, ನೇರ ಜೇಬಿಗೆ ಕೈ ಹಾಕುತ್ತಿದ್ದೆ. ಒಂದು ಹಿಡಿ ಮಂಡಕ್ಕಿ ಇರುತ್ತಿತ್ತು, ಅದರೊಳಗೆ ಮರಳಿನ ಹರಳು ಒಂದೆರಡು. "ನೋಡ್ಕಂಡು ತಿನ್ನೇ ನಮ್ಮವ್ವ, ಹಲ್ಲು ಹೋದಾವು" ಅನ್ನುತ್ತಲೇ ಅವ್ವ ನನ್ನನ್ನು ಎಳೆದು ಎದೆಗೆ ಒತ್ತಿಕೊಳ್ಳುತ್ತಿದ್ದಳು. ಆಗ ನನ್ನ ಮೂಗು ಸರಿಯಾಗಿ ಆ ಜೇಬಿನ ಹತ್ತಿರ ಬರುತ್ತಿತ್ತು. ಸುಟ್ಟ ಹೊಟ್ಟು, ಉಪ್ಪು, ಹೊಗೆ, ಬೆವರು. ಬೇರೆ ಮಕ್ಕಳ ಅವ್ವಂದಿರ ಮೈಯಿಂದ ಪೌಡರ್ ವಾಸನೆ ಬರುತ್ತಿತ್ತಂತೆ. ನನಗೆ ಅದು ಯಾವತ್ತೂ ಹೊಟ್ಟೆಕಿಚ್ಚು ತರಲಿಲ್ಲ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಅವ್ವನಿಗೆ ಕೆಮ್ಮು ಹತ್ತಿತು. ಭಟ್ಟಿಯ ಜನಕ್ಕೆ ಕೆಮ್ಮು ನೆಂಟರಿದ್ದ ಹಾಗೆ, ಬರುತ್ತದೆ, ಇರುತ್ತದೆ, ಹೋಗುತ್ತದೆ. ಈ ಸಲ ಹೋಗುವಾಗ ಅವ್ವನನ್ನೂ ಕರೆದುಕೊಂಡು ಹೋಯಿತು.

ಉಳಿದವಳು ಅಜ್ಜಿ, ಅವ್ವನ ಅವ್ವ. ಮಾಯಕೊಂಡದ ಕಡೆಯವಳು. ಅಳಿಯ ಓಡಿಹೋದನೆಂದು ತಿಳಿದ ದಿನವೇ ಬಟ್ಟೆಗಂಟು ಹೊತ್ತು ಬಂದು ನಮ್ಮ ತಗಡಿನ ಮನೆಯಲ್ಲಿ ಕೂತವಳು, ಮತ್ತೆ ಊರ ಕಡೆ ಮುಖ ಹಾಕಿರಲಿಲ್ಲ. ತಾನೂ ಭಟ್ಟಿಯಲ್ಲಿ ಚೀಲದ ಬಾಯಿ ಹೊಲಿಯುವ ಕೆಲಸ ಹಿಡಿದಿದ್ದಳು. ಮಗಳು ಸತ್ತ ಮೇಲೆ ಅವಳು ಜೋರಾಗಿ ಅತ್ತದ್ದನ್ನು ನಾನು ನೋಡಲಿಲ್ಲ. ಅತ್ತರೆ ಮಗು ಹೆದರುತ್ತದೆ ಅಂತಿದ್ದಳಂತೆ. ಮಗು ಏನು ಅಂದುಕೊಂಡಿತು ಗೊತ್ತೇ? ಈ ಮುದುಕಿಗೆ ದುಃಖವೇ ಇಲ್ಲ ಅಂದುಕೊಂಡಿತು.

ಸತ್ತವರ ಬಟ್ಟೆ ಮನೆಯಲ್ಲಿ ಇಟ್ಟುಕೊಳ್ಳಬಾರದು ಎಂದು ಅಜ್ಜಿ ಅವ್ವನ ಸೀರೆಗಳನ್ನೆಲ್ಲ ಕೊಟ್ಟುಬಿಟ್ಟಳು. ಅಂಗಿಯೊಂದನ್ನು ನಾನು ಕೌದಿಯ ಮಡಿಕೆಯಲ್ಲಿ ಬಚ್ಚಿಟ್ಟಿದ್ದೆ. ಎಲ್ಲ ಮುಗಿದ ಮೇಲೆ ತೆಗೆದು ತೊಟ್ಟೆ. ಮೊಣಕಾಲಿನತನಕ ಬಂತು. ತೊಟ್ಟದ್ದು ತೊಟ್ಟೆ, ಬಿಚ್ಚಲಿಲ್ಲ. ಅದರಲ್ಲೇ ಮಲಗಿದೆ, ಯೂನಿಫಾರ್ಮಿನ ಮೇಲೆ ಅದನ್ನೇ ಹಾಕಿಕೊಂಡು ಶಾಲೆಗೆ ಹೋದೆ. ಒಗೆಯಲು ಕೊಡು ಅಂದರೆ ಕೊಡಲಿಲ್ಲ. ಕಾಲರಿನಲ್ಲಿ ಅವ್ವನ ವಾಸನೆ ಇತ್ತು, ಅದು ಹೋದರೆ ಅವ್ವ ಇನ್ನೊಮ್ಮೆ ಹೋಗುತ್ತಾಳೆ ಅನ್ನುವುದು ನನ್ನ ಲೆಕ್ಕ. ಅಜ್ಜಿಗೆ ಅರಿವೆ ಚಿಂತೆ, ಮೊಮ್ಮಗಳಿಗೆ ಗಂಡನ ಚಿಂತೆ ಅಂತ ಗಾದೆ ಇದೆಯಲ್ಲ, ನಮ್ಮ ಮನೆಯಲ್ಲಿ ಇಬ್ಬರಿಗೂ ಅರಿವೆಯದೇ ಚಿಂತೆ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಈಗಲೂ. ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ ಒಂದು ದಿನ ಬೆಂಚಿನ ತುದಿಗೆ ಸರಿದು, "ಹೆಣದ ಅಂಗಿ ಹಾಕ್ಕಂಡು ಬರ್ತೀಯಲ್ಲ, ನಾಚಿಕೆ ಆಗಲ್ವಾ?" ಅಂದಳು. ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ಅವಳ ಜಡೆಯ ಕೆಂಪು ಟೇಪು ನನ್ನ ಕೈಯಲ್ಲಿದ್ದದ್ದು ಮಾತ್ರ ನೆನಪಿದೆ. ಟೀಚರ್ ಒಳ್ಳೆಯವರು, ಹೊಡೆಯಲಿಲ್ಲ. ಅಜ್ಜಿಯನ್ನು ಕರೆಸಿ, "ಮಗು ಹೀಗೇ ಮಾಡಿದರೆ ಕ್ಲಾಸಲ್ಲಿ ಕೂರಿಸೋದು ಕಷ್ಟ ಆಗುತ್ತಮ್ಮ. ಮೊದಲು ಆ ಅಂಗಿ ಬಿಡಿಸಿ" ಅಂದರು.

ಉರಿಯುವ ಬೆಂಕಿಗೆ ತುಪ್ಪ ಸುರಿಯಲು ಎದುರು ಮನೆಯವಳಿದ್ದಳು. ನಮ್ಮ ಓಣಿಯ ರೇಡಿಯೋ. ನಾನು ನಲ್ಲಿಯಿಂದ ಕೊಡ ಹೊತ್ತು ಬರುವುದನ್ನು ಕಟ್ಟೆಯ ಮೇಲೆ ಕೂತು ನೋಡಿದವಳು ಅಜ್ಜಿಯ ಕೈ ಹಿಡಿದುಕೊಂಡಳು.

"ನಡಿಗೆ ನೋಡಜ್ಜಿ. ಆ ಕೈ ಬೀಸೋದು, ಆ ಸಿಟ್ಟು! ಥೇಟ್ ನಿನ್ ಮಗಳೇ. ಹುಡುಗಿ ಮೈಮ್ಯಾಲೆ ಬಂದಾಳೆ. ಆಸೆ ಇಟ್ಕಂಡು ಹೋದೋರು ಬಟ್ಟೇನಾಗ ಕೂತಿರ್ತಾರೆ. ಸುಮ್ನೆ ಬಿಡಬ್ಯಾಡ ನೀನು."

ಅವ್ವನ ಮಗಳು ಅವ್ವನ ಹಾಗೆ ನಡೆಯದೆ ಎದುರು ಮನೆಯವಳ ಹಾಗೆ ನಡೆಯಬೇಕಿತ್ತೇ? ಇದನ್ನು ನಾನು ಆಗಲೇ ಕೇಳಬೇಕಿತ್ತು. ಆದರೆ ಅಜ್ಜಿಯ ಮುಖ ನೋಡಿದೆ. ಭಯ ಬಿದ್ದಿದ್ದಳು. ಮಗಳು ಹೋಗಿಯಾಗಿದೆ, ಈಗ ಮೊಮ್ಮಗಳೂ ಕೈಬಿಡುತ್ತಾಳೆ ಅನ್ನುವ ಭಯ. ಅವತ್ತು ರೊಟ್ಟಿ ಬಡಿಯುವಾಗ ನನ್ನ ಕಡೆ ತಿರುಗಿ ತಿರುಗಿ ನೋಡಿದಳು. ರೊಟ್ಟಿ ಹೊತ್ತಿತು.

"ಅಮಾಸಿಗೆ ಉಕ್ಕಡಗಾತ್ರಿಗೆ ಹೋಗಿ ಬರಾಣ" ಅಂದಳು. "ಅಜ್ಜಯ್ಯನ ಗುಡಿಗೆ ಹೋದ್ರೆ ಎಲ್ಲಾ ಸರಿ ಹೋಗ್ತೈತೆ."

ಊರು ಸುತ್ತುವುದೆಂದರೆ ನನಗೆ ಖುಷಿ. ಬೆಳಿಗ್ಗೆಯೇ ಹರಿಹರದ ಬಸ್ಸು ಹತ್ತಿದೆವು. ಅಜ್ಜಿಯ ಚೀಲದಲ್ಲಿ ನನ್ನದೊಂದು ಲಂಗ, ಬ್ಲೌಸು, ಅರ್ಧ ತೇದ ಸೋಪು. ಹರಿಹರದಲ್ಲಿ ಬಸ್ಸು ಬದಲಿಸುವಾಗ ಜನವೋ ಜನ, ಎಲ್ಲರೂ ಅಲ್ಲಿಗೇ ಹೊರಟವರು. ಸೀಟಿನಲ್ಲಿ ಪಕ್ಕಕ್ಕೆ ಕೂತ ಹೆಂಗಸೊಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಅಜ್ಜಿಯನ್ನು ಕೇಳಿದಳು: "ಈ ಅಂಗೀನಾ ಬಿಡೋದು?"

ಅಜ್ಜಿ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಆ ಹೆಂಗಸೇ ನನಗೆ ತಿಳಿಸಿ ಹೇಳಿದಳು. ಅಲ್ಲಿ ಹೊಳೆಯಲ್ಲಿ ಮುಳುಗಬೇಕು, ಮೈಮೇಲಿದ್ದ ಬಟ್ಟೆಯನ್ನು ಹೊಳೆಗೇ ಬಿಡಬೇಕು, ಬೇರೆ ಬಟ್ಟೆ ಉಟ್ಟು ಹಿಂದಕ್ಕೆ ನೋಡದೆ ಗುಡಿಗೆ ಹೋಗಬೇಕು. ಬಟ್ಟೆಯ ಜೊತೆ ಪೀಡೆಯೂ ಹೋಗುತ್ತದೆ.

ನಾನು ಅಂಗಿಯ ಗುಂಡಿಗಳನ್ನೆಲ್ಲ, ಕುತ್ತಿಗೆಯದನ್ನೂ ಸೇರಿಸಿ, ಒಂದೊಂದಾಗಿ ಹಾಕಿಕೊಂಡೆ. ಅಜ್ಜಿ ಕಿಟಕಿಯ ಕಡೆ ತಿರುಗಿ ಕೂತಳು.

ಹೊಳೆಯ ದಂಡೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೂದಲು ಬಿಚ್ಚಿಕೊಂಡು ಹೊಯ್ದಾಡುವವರು, ಅವರನ್ನು ಹಿಡಿದುಕೊಂಡವರು, ತಣ್ಣಗೆ ಮಿಂದು ಹೋಗುವವರು. ನೀರಿನ ಅಂಚಿಗೆ ಸೀರೆ, ಲುಂಗಿ, ಪ್ಯಾಂಟು ಮುದ್ದೆ ಮುದ್ದೆಯಾಗಿ ಬಿದ್ದಿದ್ದವು. ಅದರೊಳಗೆ ನಮ್ಮ ಅಂಗಿಯೂ ಬೀಳುತ್ತದೆ ಅನ್ನುವುದನ್ನು ನೆನೆಸಿದ್ದೇ ತಡ, ನಾನು ಓಡಿದೆ. ಅಜ್ಜಿ ಆ ವಯಸ್ಸಿನಲ್ಲಿ ನನ್ನ ಹಿಂದೆ ಓಡಿ ಬಂದು ಹಿಡಿದಳು. ಅವಳ ಕೈ ಕಚ್ಚಿದೆ. ಸುತ್ತಲಿನವರು "ಬಿಡಬ್ಯಾಡ, ಹಿಡ್ಕ! ಒಳಗಿರೋದು ಕಚ್ಚಾಕತ್ತೈತೆ" ಎಂದರು. ಕಚ್ಚಿದವಳು ನಾನೇ. ನನ್ನ ಒಳಗೆ ನನ್ನನ್ನು ಬಿಟ್ಟು ಯಾರೂ ಇರಲಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಆಗ ಅನಿಸಿತ್ತು.

ಅಜ್ಜಿ ಕೈ ಬಿಡಿಸಿಕೊಳ್ಳಲಿಲ್ಲ. ಕಚ್ಚಿಸಿಕೊಂಡೇ ಕೂತು, "ಯವ್ವಾ, ನೀನೂ ಹೋದ್ರೆ ನಾ ಹೆಂಗೆ ಬದುಕ್ಲಿ? ಯಾರದಾರೆ ನನಗ?" ಅಂದಳು. ಅವಳ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು. ನನ್ನ ಹಲ್ಲು ತಾನಾಗಿಯೇ ಸಡಿಲವಾಯಿತು. ಗುಂಡಿಗಳನ್ನು ನಾನೇ ಬಿಚ್ಚಿ ಅಂಗಿಯನ್ನು ಅವಳ ಕೈಗೆ ಕೊಟ್ಟು, ಮೊಣಕಾಲಲ್ಲಿ ಮುಖ ಹುದುಗಿಸಿ ಕೂತೆ.

ಎಷ್ಟು ಹೊತ್ತಾದರೂ ಅಜ್ಜಿ ಬರಲಿಲ್ಲ. ತಲೆಯೆತ್ತಿ ನೋಡಿದೆ. ಮಂಡಿಯುದ್ದ ನೀರಿನಲ್ಲಿ ನಿಂತಿದ್ದಾಳೆ. ಅಂಗಿಯನ್ನು ಬಿಟ್ಟಿಲ್ಲ. ಕಲ್ಲಿನ ಮೇಲೆ ಹರಡಿಕೊಂಡು, ಕಾಲರಿಗೆ ಸೋಪು ಹಚ್ಚಿ, ಎರಡೂ ಕೈಯಲ್ಲಿ ತಿಕ್ಕುತ್ತಿದ್ದಾಳೆ. ತೋಳು ತಿಕ್ಕಿದಳು, ಜೇಬನ್ನು ತಲೆಕೆಳಗು ಮಾಡಿ ಮರಳು ಜಾಡಿಸಿದಳು, ನೀರಲ್ಲಿ ಅಲಸಿದಳು. ಆಮೇಲೆ ಹಿಂಡಿದಳು. ಮಗಳು ಚಿಕ್ಕವಳಿದ್ದಾಗಿನಿಂದ ಅವಳ ಬಟ್ಟೆ ಒಗೆದ ಕೈಗಳಿಗೆ ನೀರು ಕಂಡ ಕೂಡಲೇ ಗೊತ್ತಿದ್ದದ್ದು ಅದೊಂದೇ ಕೆಲಸ.

ಬಸ್ಸಿನಲ್ಲಿ ಸಿಕ್ಕಿದ್ದ ಹೆಂಗಸು ಪಕ್ಕದಲ್ಲೇ ಮೀಯುತ್ತಿದ್ದಳು. "ಅಯ್ಯೋ, ಒಗಿತೀಯಲ್ಲಜ್ಜಿ! ಬಿಟ್ಬಿಡು, ಬಿಟ್ಟು ತಿರುಗಿ ನೋಡದಂಗೆ ಹೋಗು. ಇಲ್ಲಾಂದ್ರೆ ಮಗೂನ ಮತ್ತೆ ಹಿಡ್ಕಂತೈತೆ."

ಅಜ್ಜಿ ಸೊಂಟ ನೆಟ್ಟಗೆ ಮಾಡಿ ಅವಳನ್ನು ನೋಡಿದಳು. ನನ್ನ ಸಿಟ್ಟು ಯಾವ ಕಡೆಯಿಂದ ಬಂದದ್ದು ಎಂದು ನನಗೆ ಅವತ್ತು ಗೊತ್ತಾಯಿತು.

"ಹಿಡ್ಕಂಡ್ರೆ ಹಿಡ್ಕಳ್ಳಿ ಬಿಡು. ಹೆತ್ತಾಕಿ ಹಿಡ್ಕಳ್ದೆ ಇನ್ಯಾರು ಹಿಡ್ಕಂತಾರೆ ಆ ಕೂಸನ್ನ? ನನ್ ಮಗಳು ಯಾರಿಗೂ ಕೆಟ್ಟದ್ದು ಮಾಡ್ದಾಕಿ ಅಲ್ಲ."

ಒದ್ದೆ ಅಂಗಿಯನ್ನು ಹೆಗಲ ಮೇಲೆ ಹಾಕಿಕೊಂಡೇ ಅಜ್ಜಯ್ಯನ ದರ್ಶನ ಮಾಡಿದಳು. ಅಜ್ಜಯ್ಯ ಏನೂ ಅನ್ನಲಿಲ್ಲ.

ನಾನು ಗೆದ್ದೆ ಅಂತ ಕುಣಿಯಬೇಕಿತ್ತು. ವಾಪಸ್ಸು ಬರುವಾಗ ಬಸ್ಸಿನ ಕಿಟಕಿಗೆ ಹರಡಿದ್ದ ಅಂಗಿ ಒಣಗಿತು. ಮಡಿಲಿಗೆ ಎಳೆದುಕೊಂಡು ಕಾಲರಿಗೆ ಮೂಗು ಇಟ್ಟೆ. ಸೋಪು. ತೋಳಿಗೆ ಇಟ್ಟೆ. ಸೋಪು, ಸ್ವಲ್ಪ ಹೊಳೆನೀರು. ಜೇಬಿನೊಳಗೆ ಮೂಗು ತೂರಿಸಿದೆ. ಏನೂ ಇಲ್ಲ.

"ಅವ್ವ ಹೋದ್ಲು" ಅಂದೆ. ಅವ್ವ ಸತ್ತ ದಿನ ಅಳದಷ್ಟು ಹರಿಹರದ ಬಸ್‌ಸ್ಟ್ಯಾಂಡಿನಲ್ಲಿ ಅತ್ತೆ. ಅಜ್ಜಿ ಗಾಬರಿಯಾಗಿ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಡಿಸಿದಳು. ಮಂಡಕ್ಕಿ ಊರಿನವರಿಗೆ ಮಂಡಕ್ಕಿ ಕೊಟ್ಟು ಸಮಾಧಾನ ಮಾಡುವುದುಂಟೇ? ಪೊಟ್ಟಣವನ್ನು ದೂಡಿದೆ. ಆಗ ಅವಳಿಗೆ ಅರ್ಥವಾಯಿತು ಅಂತ ಕಾಣುತ್ತದೆ. ಅಂಗಿಯನ್ನು ತಾನೂ ಒಮ್ಮೆ ಮೂಸಿ ನೋಡಿ, ಮಡಚಿ, ಚೀಲದಲ್ಲಿಟ್ಟಳು.

ಮಾರನೆಯ ದಿನ ಕಣ್ಣು ಬಿಟ್ಟಾಗ ಅಜ್ಜಿ ಅಂಗಿ ತೊಟ್ಟು ತೋಳು ಮಡಚುತ್ತಿದ್ದಳು. ನಾನು ಎದ್ದು ಜಗ್ಗಿದೆ. "ನಂದು ಅದು, ಬಿಚ್ಚು!"

"ನಿಂದೇ ಕಣೆ. ಸೋಪಿನ ವಾಸನೆ ಹೋಗಸ್ಕಂಡು ಬರ್ತೀನಿ, ತಡಿ."

ಅವಳು ಚೀಲ ಹೊಲಿಯುವ ಜಾಗ ಭಟ್ಟಿಯ ಬಾಗಿಲ ಹತ್ತಿರ, ಗಾಳಿ ಆಡುವ ಕಡೆ. ಅವತ್ತು ಅದನ್ನು ಬಿಟ್ಟು ಅವ್ವ ನಿಲ್ಲುತ್ತಿದ್ದ ಕಡೆ, ಒಲೆಯ ಎದುರು, ಜರಡಿ ಹಿಡಿಯಲು ಹೋದಳಂತೆ. ವಯಸ್ಸಾದವಳು, ಈ ಕಾವು ತಡಿಯಂಗಿಲ್ಲ ಅಂತ ಉಳಿದವರು ಹೇಳಿದರೂ ಕೇಳಲಿಲ್ಲವಂತೆ. ಸಂಜೆ ಬಂದವಳು ನನ್ನೆದುರು ಬಗ್ಗಿ ನಿಂತಳು. "ನೋಡು, ಬಂತಾ?"

ಮೂಸಿದೆ. "ಇಲ್ಲ. ಬರೇ ಹೊಗೆ."

ಮರುದಿನ ಮತ್ತೆ ಬಗ್ಗಿದಳು. ಮತ್ತೆ ಇಲ್ಲ ಅಂದೆ. ಒಂದು ದಿನ ಹೊಟ್ಟಿನ ವಾಸನೆ ಇತ್ತು, ಉಪ್ಪಿರಲಿಲ್ಲ. ಇನ್ನೊಂದು ದಿನ ಉಪ್ಪಿತ್ತು, ಆದರೂ ಏನೋ ಕಡಿಮೆ. ನಾನು ಮಂಡಕ್ಕಿ ವ್ಯಾಪಾರಿಯ ಹಾಗೆ ತಪ್ಪು ಹುಡುಕುತ್ತಿದ್ದೆ, ಅವಳು "ಆಯ್ತು ಬಿಡು, ನಾಳೆ ನೋಡಾಣ" ಅನ್ನುತ್ತಿದ್ದಳು. ಅಷ್ಟರಲ್ಲಿ ನಾನು ಅಂಗಿಯಿಲ್ಲದೆ ಶಾಲೆಗೆ ಹೋಗುತ್ತಿದ್ದೆ, ಸಂಜೆ ಬಾಗಿಲಲ್ಲಿ ಅಜ್ಜಿಗಾಗಿ ಕಾಯುತ್ತಿದ್ದೆ. ಇವೆರಡೂ ಯಾವಾಗ ಶುರುವಾದವೋ ಗೊತ್ತಾಗಲಿಲ್ಲ. ಎದುರು ಮನೆಯವಳು, ಅಮಾಸಿಗೆ ಹೋಗಿ ಬಂದದ್ದರ ಫಲ ಅಂತ ಓಣಿಗೆಲ್ಲ ಸಾರಿದಳು. ಸಾರಲಿ.

ಆ ಅಂಗಿ ಈಗಲೂ ನನ್ನ ಹತ್ತಿರ ಇದೆ. ಓದಿದೆ, ಈಗ ಇದೇ ಊರಿನ ಔಷಧಿ ಅಂಗಡಿಯೊಂದರಲ್ಲಿ ನಿಲ್ಲುತ್ತೇನೆ. ಅಜ್ಜಿ ಕಾವಿನ ಕೆಲಸ ಬಿಟ್ಟು ಕಟ್ಟೆಯ ಮೇಲೆ ಕೂತಿದ್ದಾಳೆ, ಕೆಮ್ಮಿದರೆ ನಾನು ಬಯ್ಯುತ್ತೇನೆ. ಆದರೆ ಆ ಒಂದು ಸಂಜೆ ಮಾತ್ರ ನನಗೆ ನಿನ್ನೆಯ ಹಾಗಿದೆ.

ಅವತ್ತು ಅಜ್ಜಿ ಬಹಳ ದಣಿದು ಬಂದಿದ್ದಳು. ಬಗ್ಗುವ ಶಕ್ತಿಯಿರಲಿಲ್ಲ, ಹೊಸ್ತಿಲ ಮೇಲೆ ಕೂತುಬಿಟ್ಟಳು. ನಾನೇ ಹತ್ತಿರ ಹೋಗಿ ಜೇಬಿಗೆ ಕೈ ಹಾಕಿದೆ. ಒಂದು ಹಿಡಿ ಮಂಡಕ್ಕಿ, ಮರಳಿನ ಹರಳು ಒಂದೆರಡು. ಅವಳು ನನ್ನನ್ನು ಎಳೆದು ಒತ್ತಿಕೊಂಡಳು. ಸುಟ್ಟ ಹೊಟ್ಟು, ಉಪ್ಪು, ಹೊಗೆ, ಬೆವರು.

"ಅಜ್ಜಿ, ಬಂತು" ಅಂದೆ.

"ಖರೇನೇ?"

"ಖರೇ. ಬಂತು."

ಅಜ್ಜಿ ಅವಸರ ಅವಸರವಾಗಿ ಗುಂಡಿ ಬಿಚ್ಚಿದಳು. ನನಗೆ ಕೊಡಲು ಬಿಚ್ಚುತ್ತಾಳೆ ಎಂದು ಕೈ ಚಾಚಿದೆ. ಅವಳು ಕೊಡಲಿಲ್ಲ. ಅಂಗಿಯನ್ನು ಎರಡೂ ಕೈಯಲ್ಲಿ ಬಾಚಿ ತನ್ನ ಮುಖಕ್ಕೆ ಒತ್ತಿಕೊಂಡಳು. ಮಗಳು ಸತ್ತಾಗ ಅಳದೆ ಉಳಿಸಿಕೊಂಡಿದ್ದನ್ನೆಲ್ಲ ಅಲ್ಲೇ, ಆ ಹೊಸ್ತಿಲ ಮೇಲೆ, ಓಣಿಯವರೆಲ್ಲ ನೋಡುತ್ತಿದ್ದ ಹಾಗೆ ಅತ್ತಳು. ನಾನು ಅವಳ ತಲೆಯನ್ನು ಹಿಡಿದುಕೊಂಡು ನಿಂತೆ. ಬಹಳ ಹೊತ್ತಿನ ಮೇಲೆ ಅಂಗಿಯೊಳಗಿಂದಲೇ ಅವಳ ದನಿ ಕೇಳಿತು.

"ಹ್ಞೂಂ ಕಣೆ. ಬಂದಾಳೆ."