ಮೇಷ್ಟ್ರ ಹಕಾರ

ಮೊನ್ನೆ ಕೆ.ಆರ್. ಪೇಟೆಯ ಸಂತೆ ಬೀದಿಯಲ್ಲಿ ಒಂದು ಬೋರ್ಡು ಕಂಡಿತು. ‘ಇಲ್ಲಿ ಹೊಸ ಹಕ್ಕಿ, ಹಳೆ ಹಕ್ಕಿ ಸಿಗುತ್ತದೆ.’ ಒಳಗೆ ನೋಡಿದರೆ ಪಂಜರವಿಲ್ಲ, ಬರೀ ಅಕ್ಕಿ ಮೂಟೆ. ಬೀದಿಯಲ್ಲೇ ನಕ್ಕುಬಿಟ್ಟೆ. ನಗು ನಿಂತ ಮೇಲೆ ಹಳೆಯ ಸಿಟ್ಟು ಎದ್ದು ಕೂತಿತು. ನನಗೆ ಭಾಷಾವಿಜ್ಞಾನ ಕಲಿಸಿದ ಮೇಷ್ಟ್ರು ನೆನಪಾದರು...

ತೊಂಬತ್ತರ ದಶಕದ ಶುರು. ನಾನು ಶೀಳನೆರೆಯವಳು. ಪಾಂಡವಪುರದ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಅನ್ವಯಿಕ ಭಾಷಾವಿಜ್ಞಾನದಲ್ಲಿ ಎಂ.ಎ. ಓದುತ್ತಿದ್ದೆ. ಮೊದಲ ದಿನ ಮೇಷ್ಟ್ರು, ಮನೆಯಲ್ಲೇನು ಮಾಡುತ್ತಾರೆ ಎಂದು ಕೇಳಿದರು.

“ಡೈರಿಗೆ ಆಲು ಆಕ್ತೀವಿ, ಸಾ” ಎಂದೆ.

ಅಷ್ಟೇ ಸಾಕಾಯಿತು. ಎಲ್ಲರ ಎದುರು ನಿಲ್ಲಿಸಿ ನನ್ನ ತುಟಿಯ ಮುಂದೆ ಕಾಗದದ ಚೂರು ಹಿಡಿದರು. ‘ಹ’ ಅಂದರೆ ಉಸಿರು ತಾಗಿ ಕಾಗದ ಅಲ್ಲಾಡಬೇಕು. “ಎಲ್ಲಿ, ಹಾಲು ಅನ್ನಮ್ಮ.” ಕಾಗದ ಮಿಸುಕಲಿಲ್ಲ. ಅವತ್ತಿನಿಂದ ಎಲ್ಲರ ಬಾಯಲ್ಲೂ ನಾನು ಆಲಮ್ಮ.

ಕ್ಲಾಸಿಗೆ ಹೋಗುವ ಬಸ್ಸು ಶ್ರೀರಂಗಪಟ್ಟಣ ದಾಟುವಾಗ ಅಂಗೈ ಬಾಯಿಗಿಟ್ಟುಕೊಂಡು ‘ಹಾಲು, ಹಾಲು’ ಎಂದು ಅಭ್ಯಾಸ ಮಾಡುತ್ತಿದ್ದೆ. ಪಕ್ಕದ ಹೆಂಗಸು, “ವಾಂತಿ ಬತ್ತದಾ ಮಗ? ಕಿಟ್ಕಿ ತಾವ್ ಬಾ” ಅಂದಿದ್ದಳು. ಪಿಎಚ್.ಡಿ. ಮಾಡಿ ಪಾಠ ಹೇಳಬೇಕೆಂಬ ಆಸೆ ನನಗೆ. “ಈ ಬಾಯಿ ಇಟ್ಕೊಂಡಾ?” ಎಂದು ಮೇಷ್ಟ್ರು ಅದಕ್ಕೂ ಮಣ್ಣು ಹಾಕಿದರು. ಸೀಟು ಅವರ ಕೈಯಲ್ಲಿತ್ತು.

ಬರಬರುತ್ತಾ ನನ್ನ ಕಿವಿ ಚುರುಕಾಯಿತು. ಮೇಷ್ಟ್ರೂ ನಾಗಮಂಗಲ ಕಡೆಯ ರೈತರ ಮನೆಯವರೇ. ಚಿಕ್ಕಂದಿನಲ್ಲಿ ಇಲ್ಲದ ‘ಹ’ವನ್ನು ಆಮೇಲೆ ಕಷ್ಟಪಟ್ಟು ಕಲಿತಿದ್ದರು. ಸಿಟ್ಟು ಬಂದರೆ ಅದು ಬೇಡದ ಕಡೆಯೆಲ್ಲ ಹೋಗಿ ಕೂರುತ್ತಿತ್ತು. ಅಕ್ಕಿ ಹಕ್ಕಿಯಾಗುತ್ತಿತ್ತು, ಆಸೆ ಹಾಸೆಯಾಗುತ್ತಿತ್ತು. ಭಯಕ್ಕೆ ಯಾರೂ ನಗುತ್ತಿರಲಿಲ್ಲ. ನಾನೂ ನಗದೆ ಕಾದೆ.

ಕೊನೆಯ ವರ್ಷದ ಸೆಮಿನಾರಿಗೆ ಅದನ್ನೇ ವಿಷಯ ಮಾಡಿಕೊಂಡೆ. ಹೊರಗಿನಿಂದ ಬಂದ ಪ್ರೊಫೆಸರು ಮುಂದಿನ ಸಾಲಿನಲ್ಲಿದ್ದರು. ‘ಹ’ ಬಿಡುವ ಸೀಮೆಯವರು ಶುದ್ಧವಾಗಿ ಮಾತಾಡಲು ಹೋಗಿ ಎಲ್ಲೆಲ್ಲಿ ಎಡವುತ್ತಾರೆಂದು ಬೋರ್ಡಿನ ಮೇಲೆ ಬರೆಯುತ್ತಾ ಹೋದೆ. ಒಂದೊಂದು ಪದವೂ ಮೇಷ್ಟ್ರ ಬಾಯಿಂದ ಹೆಕ್ಕಿದ್ದು. ಅವರ ಮುಖ ಕೆಂಪೇರಿತು. ಧಡಕ್ಕನೆ ಎದ್ದು, “ಇದು ಹಪಮಾನ!” ಎಂದು ಕೂಗಿದರು.

ನಾನು ತಿರುಗಿ ಅದನ್ನೂ ಬೋರ್ಡಿನ ಮೇಲೆ ಬರೆದೆ.

ಇಡೀ ಕೊಠಡಿ ನಕ್ಕಿತು. ಪ್ರೊಫೆಸರು ಕರ್ಚೀಫನ್ನು ಬಾಯಿಗೊತ್ತಿಕೊಂಡರು. ಆ ಸುಖ ನನಗೆ ಇವತ್ತಿಗೂ ಆರಿಲ್ಲ, ಅಯ್ಯೋ ಪಾಪ ಎಂದು ಒಂದು ದಿನವೂ ಅನ್ನಿಸಿಲ್ಲ. ಮೇಷ್ಟ್ರು ಕೊಡದ ಸೀಟನ್ನು ತಮ್ಮ ವಿಭಾಗದಲ್ಲಿ ಆ ಪ್ರೊಫೆಸರೇ ಕೊಟ್ಟರು. ಮುಂದೆ ಪಾಠ ಹೇಳಲು ನಿಂತಲ್ಲೆಲ್ಲ, ಇನ್ನೊಬ್ಬರು ನನ್ನನ್ನು ಆಲಮ್ಮ ಅನ್ನದ ಹಾಗೆ, ಒಂದೊಂದು ಹಕಾರವನ್ನೂ ತೂಗಿ ಆಡಿದೆ.

ಹೋದ ತಿಂಗಳು ಊರಿನಿಂದ ತಮ್ಮ ಫೋನ್ ಮಾಡಿದ. “ಅಕ್ಕ, ನಿಮ್ ಮೇಷ್ಟ್ರು ಓಗ್ಬುಟ್ರಂತೆ.”

ಈ ಸುದ್ದಿ ಬಂದ ದಿನ “ಆಳಾಗೋಗ್ಲಿ ಬುಡ್ಲಾ” ಎಂದು ನಮ್ಮೂರ ಬಾಯಲ್ಲೇ ಬಯ್ಯಬೇಕೆಂದು ಇಷ್ಟು ವರ್ಷ ಕಾಯ್ದುಕೊಂಡಿದ್ದೆ. ಬಾಯಿ ತೆರೆದರೆ ಬಂದದ್ದು, “ಹಾಳಾಗಿ ಹೋಗಲಿ ಬಿಡು.” ಎರಡು ಹಕಾರಗಳೂ ಸ್ಪಷ್ಟವಾಗಿದ್ದವು.

ತಮ್ಮ ದನಿ ತಗ್ಗಿಸಿ, “ಯಾಕಕ್ಕ ಇಂಗ್ ಮಾತಾಡ್ತೀಯ? ಪಕ್ಕದಲ್ ಯಾರಾರ ಅವ್ರಾ?” ಎಂದು ಕೇಳಿದ.

ಪಕ್ಕದಲ್ಲಿ ಯಾರೂ ಇರಲಿಲ್ಲ. ಮೇಷ್ಟ್ರೂ ಇಲ್ಲ, ಅವರನ್ನು ಬಯ್ಯಬೇಕಾಗಿದ್ದ ನನ್ನ ಬಾಯಿಯೂ ಇಲ್ಲ...