ಮಂಗಳವಾರ ಕತ್ತರಿಸದ ಸ್ವೆಟರ್

2003ರ ಜನವರಿ. ನನ್ನ ಗಂಡನಿಗೆ ಡರ್ಬಿಯ ವಿಮಾನ ಎಂಜಿನ್ ಕಾರ್ಖಾನೆಯಲ್ಲಿ ಎರಡು ವರ್ಷದ ಕಾಂಟ್ರಾಕ್ಟ್ ಸಿಕ್ಕಿತ್ತು. ಹುಬ್ಬಳ್ಳಿಯ ದಿನಪತ್ರಿಕೆಯೊಂದರ ಡೆಸ್ಕಿನಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ್ದ ನಾನು ರಾಜೀನಾಮೆ ಕೊಟ್ಟು ಜೊತೆಗೆ ಹೋಗಿದ್ದೆ.

ಪಕ್ಕದ ಮನೆಯಲ್ಲಿ ಡೋರೀನ್ ಮತ್ತು ಕೆನ್ ಎಂಬ ವೃದ್ಧ ದಂಪತಿ ಇದ್ದರು. ಕೆನ್ ಹರೆಯದಲ್ಲಿ ಗ್ರಿಮ್ಸ್‌ಬಿ ಬಂದರಿನಿಂದ ಐಸ್‌ಲ್ಯಾಂಡಿನ ಕಡೆ ಮೀನು ಹಿಡಿಯುವ ಹಡಗಿನಲ್ಲಿ ಹೋಗುತ್ತಿದ್ದವರು. ಅಲ್ಲಿಂದ ತಂದ ಒಂದು ಉಣ್ಣೆ ಸ್ವೆಟರನ್ನು ನಲವತ್ತು ವರ್ಷ ತೊಟ್ಟು ಹರಿದಿದ್ದರು. ಅದೇ ಮಾದರಿಯ ಹೊಸದೊಂದನ್ನು ಡೋರೀನ್ ಹೆಣೆಯುತ್ತಿದ್ದರು. ಮೈ ಭಾಗವೂ ಎರಡು ತೋಳುಗಳೂ ಮುಗಿದಿದ್ದವು. ಅಷ್ಟರಲ್ಲಿ ಒಂದು ಬೆಳಿಗ್ಗೆ ಹಾಲಿನ ಬಾಟಲಿ ತೆಗೆದುಕೊಳ್ಳಲು ಹೊರಗೆ ಬಂದವರು ಹಿಮಗಟ್ಟಿದ ಮೆಟ್ಟಿಲ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು.

ಮರುದಿನ ಪ್ಲಾಸ್ಟರ್ ಹಾಕಿದ ಕೈಯಲ್ಲೇ ನಮ್ಮ ಬಾಗಿಲು ತಟ್ಟಿದರು. "ನಿನಗೆ ಹೆಣೆಯೋಕೆ ಬರುತ್ತಾ, ಡಕ್?" ಎಂದು ಕೇಳಿದರು. ಡರ್ಬಿಯಲ್ಲಿ ಬಸ್ ಡ್ರೈವರ್ ಕೂಡ ನಮ್ಮನ್ನು ಪ್ರೀತಿಯಿಂದ ಹಾಗೆಯೇ ಕರೆಯುತ್ತಿದ್ದ.

"ಶಾಲೆಯ ಕ್ರಾಫ್ಟ್ ಪೀರಿಯಡ್ಡಿನಲ್ಲಿ ಕೂಸಿನ ಕುಲಾವಿ ಹೆಣೆದಿದ್ದೆ, ಅಷ್ಟೆ," ಎಂದೆ.

"ಕೆನ್ ತಲೆ ಅದಕ್ಕಿಂತ ಒಂಚೂರು ದೊಡ್ಡದು. ಉಳಿದದ್ದೆಲ್ಲ ಒಂದೇ."

ಹಾಗೆ ನಾನು ದಿನಾ ಮಧ್ಯಾಹ್ನ ಅವರ ಮನೆಗೆ ಹೋಗತೊಡಗಿದೆ. ಈ ಸ್ವೆಟರಿಗೆ ಎಲ್ಲೂ ಜೋಡುಹೊಲಿಗೆ ಇರುವುದಿಲ್ಲ. ತಂತಿಯಿಂದ ಕೂಡಿಸಿದ ಎರಡು ಕಡ್ಡಿಗಳ ಮೇಲೆ ಸುತ್ತಿ ಸುತ್ತಿ ಹೆಣೆಯಬೇಕು. ಮೈ ಮತ್ತು ತೋಳು ಕಂಕುಳಲ್ಲಿ ಸೇರಿದ ಮೇಲೆ ಭುಜದ ಸುತ್ತ ಬಿಳಿ ಮತ್ತು ಕಪ್ಪು ಎಳೆಯಲ್ಲಿ ಎಲೆಗಳ ಚಿತ್ತಾರ ಬರುತ್ತದೆ. ಮೊದಲ ವಾರ ನಾನು ಹಿಂಬದಿಯ ಎಳೆಯನ್ನು ಬಿಗಿಯಾಗಿ ಎಳೆದು ಹೆಣಿಗೆಯನ್ನೆಲ್ಲ ನೆರಿಗೆಗಟ್ಟಿಸಿದೆ. ಡೋರೀನ್ ಐದು ಸುತ್ತು ಬಿಚ್ಚಿಸಿದರು. "ಇಷ್ಟು ಬಿಗಿಯಾದರೆ ಕೆನ್ ಉಸಿರಾಡೋದು ಹೇಗೆ?" ಎಂದರು. ಕೆನ್ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತ, "ಬಿಗಿಯಾದರೆ ಹೆಣೆದವಳಿಗೇ ಕೊಟ್ಟುಬಿಡು," ಎಂದರು.

ಫೆಬ್ರವರಿ ಮೊದಲ ವಾರ ಸ್ವೆಟರ್ ಮುಗಿಯಿತು. ಅದನ್ನು ನೀರಿನಲ್ಲಿ ನೆನೆಸಿ ಟವೆಲ್ ಮೇಲೆ ಹರವಿಟ್ಟಿದ್ದೆವು. ಅದು ಒಣಗುವ ಮೊದಲೇ ಕೆನ್‌ಗೆ ಲಕ್ವ ಹೊಡೆಯಿತು. ಎಡಗೈ ಬಿದ್ದುಹೋಯಿತು, ಮಾತು ತೊದಲತೊಡಗಿತು.

ಮೂರು ವಾರದ ನಂತರ ಒಂದು ಸೋಮವಾರ ಆಸ್ಪತ್ರೆಯಿಂದ ಫೋನ್ ಬಂತು. ಬುಧವಾರ ಹನ್ನೊಂದು ಗಂಟೆಗೆ ಆಂಬುಲೆನ್ಸಿನಲ್ಲಿ ಮನೆಗೆ ಕಳಿಸುತ್ತೇವೆ, ತಲೆಯ ಮೇಲಿಂದ ತೊಡುವ ಬಟ್ಟೆ ಬೇಡ, ಮುಂದೆ ತೆರೆಯುವಂಥದ್ದು ಇರಲಿ ಎಂದರಂತೆ. ಡೋರೀನ್ ಸ್ವೆಟರನ್ನು ಮಡಿಲಲ್ಲಿ ಹರವಿಕೊಂಡು ಎದೆಯ ನಡುವೆ ಬೆರಳೆಳೆದರು. ಆಮೇಲೆ, "ಮಧ್ಯಕ್ಕೆ ಕತ್ತರಿಸಬೇಕು," ಎಂದರು.

ನಾನು ತಮಾಷೆ ಎಂದುಕೊಂಡೆ. ಅವರು ವಿವರಿಸಿದರು. ಐಸ್‌ಲ್ಯಾಂಡ್ ಉಣ್ಣೆ ಒರಟು, ಎಳೆಗೆ ಎಳೆ ಅಂಟಿಕೊಂಡಿರುತ್ತದೆ. ಎದೆಯ ನಡುವೆ ಮೇಲಿನಿಂದ ಕೆಳಗೆ ಮೆಷಿನ್ನಿನಲ್ಲಿ ಎರಡು ಸಾಲು ಹೊಲಿಗೆ ಹಾಕಿ, ಆ ಎರಡರ ನಡುವೆ ಕತ್ತರಿಸಿದರೆ ಬಿಚ್ಚಿಕೊಳ್ಳುವುದಿಲ್ಲ. ಅಂಚಿಗೆ ಪಟ್ಟಿ ಕೊಟ್ಟು ಟಿಚ್ ಬಟನ್ ಹಾಕಬೇಕು. ಒಂದೇ ಕೈಯಲ್ಲಿ ಒತ್ತಬಹುದು. ಹೊಲಿಗೆ ತಪ್ಪಿದರೆ ಮಾತ್ರ ಎಲ್ಲವೂ ಹೋಯಿತು. ಅವರ ಪ್ಲಾಸ್ಟರ್ ಇನ್ನೂ ಬಿಚ್ಚಿರಲಿಲ್ಲ. ಕತ್ತರಿ ಹಿಡಿಯಬೇಕಾದವಳು ನಾನೇ.

ಸಂಜೆ ಗಂಡನಿಗೆ ಹೇಳಿದಾಗ ಅವರು ನಕ್ಕರು. "ಹನ್ನೊಂದ ವರ್ಷ ಮಂದಿ ಬರದದ್ದಕ್ಕ ಕತ್ತರಿ ಹಾಕೀದಿ. ಈಗ ಒಂದ ಸ್ವೆಟರಿಗೆ ಅಂಜತೀ?"

ಮಂಗಳವಾರ ಊಟವಾದ ಮೇಲೆ ಡೋರೀನ್‌ರ ಮೆಷಿನ್ನಿನಲ್ಲಿ ನಾನೇ ಎರಡೂ ಸಾಲು ಹೊಲಿದೆ. ಅವರು ಕತ್ತರಿಯನ್ನು ಮುಂದಿಟ್ಟರು. ನಾನು ಅದನ್ನು ಮುಟ್ಟಲಿಲ್ಲ.

ನಮ್ಮ ಮನೆಯಲ್ಲಿ ಮಂಗಳವಾರ ಹೊಸ ಬಟ್ಟೆಗೆ ಕತ್ತರಿ ಹಾಕುತ್ತಿರಲಿಲ್ಲ. ಅಜ್ಜಿ ಆ ದಿನ ಕತ್ತರಿಯನ್ನೇ ಎತ್ತಿಡುತ್ತಿದ್ದರು. ಇಂಥ ನಂಬಿಕೆಗಳ ಬಗ್ಗೆ ಪತ್ರಿಕೆಗೆ ಬಂದ ಲೇಖನಗಳನ್ನು ನಾನೇ ಎಷ್ಟೋ ಸಲ ಬದಿಗಿಟ್ಟಿದ್ದೇನೆ. ಆದರೆ ಇದು ಕಾಯಿಲೆಯ ಮನುಷ್ಯನ ಬಟ್ಟೆ. ನಾಳೆ ಅವರಿಗೆ ಏನಾದರೂ ಆದರೆ ಈ ಕೈ ನೆನಪಾಗುತ್ತದೆ ಎನ್ನಿಸಿತು. ನಾಚಿಕೆಯಿಂದಲೇ ಅದನ್ನು ಹೇಳಿದೆ. ನಗುತ್ತಾರೆ, ಇಲ್ಲವೇ ಬೇಸರಪಡುತ್ತಾರೆ ಎಂದುಕೊಂಡಿದ್ದೆ.

ಡೋರೀನ್ ಕತ್ತರಿಯನ್ನು ಮೆಲ್ಲಗೆ ಡಬ್ಬಿಯೊಳಗೆ ಇಟ್ಟರು. "ಕೆನ್ ಹಡಗು ಹತ್ತಿದ ದಿನ ನಾನು ಬಟ್ಟೆ ಒಗೀತಿರಲಿಲ್ಲ," ಎಂದರು. "ಒಗೆದರೆ ಗಂಡನನ್ನೂ ನೀರಿಗೆ ಕೊಟ್ಟಂತೆ ಅಂತ ನಮ್ಮತ್ತೆ ಹೇಳುತ್ತಿದ್ದರು. ನಂಬಿದ್ದೆನಾ ಅಂದರೆ ಗೊತ್ತಿಲ್ಲ. ಒಗೀಲಿಲ್ಲ, ಅಷ್ಟೆ. ನಾಳೆ ಎಷ್ಟು ಗಂಟೆಗೆ ಬರ್ತೀಯಾ?"

ಅಷ್ಟರಲ್ಲಿ ಅವರ ತಂಗಿಯ ಫೋನ್ ಬಂತು. ಆಕೆ ಎರಡು ಬೀದಿ ಆಚೆ ಇದ್ದರು, ಹೊಲಿಗೆ ಬಲ್ಲವರು. ಸ್ವೆಟರ್ ಇನ್ನೂ ಕತ್ತರಿಸಿಲ್ಲವೆಂದು ತಿಳಿದು, ಈಗಲೇ ಬಂದು ಕತ್ತರಿಸಿ ಕೊಡುತ್ತೇನೆ, ನಾಳೆ ಸಮಯ ಸಾಲದು ಎನ್ನುತ್ತಿದ್ದುದು ನನಗೂ ಕೇಳಿಸಿತು. ಡೋರೀನ್, "ಬೇಡ. ಹೆಣೆದವಳೇ ನಾಳೆ ಕತ್ತರಿಸುತ್ತಾಳೆ," ಎಂದು ಫೋನ್ ಇಟ್ಟರು. ಕಾರಣ ಹೇಳಲಿಲ್ಲ.

ಬುಧವಾರ ಎಂಟು ಗಂಟೆಗೆ ಕತ್ತರಿ ಹಿಡಿದೆ. ಕೆಳಗಿನ ಅಂಚಿನಿಂದ ಒಂದೊಂದೇ ಕುಣಿಕೆ ಕತ್ತರಿಸುತ್ತ ಎದೆಯವರೆಗೆ ಬಂದೆ. ಎಲೆಗಳ ಚಿತ್ತಾರ ಶುರುವಾಗುವ ಕಡೆ ನನ್ನ ಹೊಲಿಗೆ ಅರ್ಧ ಅಂಗುಲ ತಪ್ಪಿತ್ತು. ಕತ್ತರಿಸಿದ ಕೂಡಲೇ ಎರಡು ಕುಣಿಕೆ ಜಾರಿ ಪಕ್ಕದ್ದನ್ನೂ ಎಳೆಯತೊಡಗಿದವು. ಡೋರೀನ್ ತಕ್ಷಣ ಎಡಗೈ ಹೆಬ್ಬೆರಳನ್ನು ಅದರ ಮೇಲೆ ಒತ್ತಿ ಹಿಡಿದರು. "ನಾನು ಬಿಡಲ್ಲ. ನಿಧಾನವಾಗಿ ಸೂಜಿ ಪೋಣಿಸು," ಎಂದರು. ಆ ಬೆರಳಿನ ಸುತ್ತಲೇ ಕೈಹೊಲಿಗೆ ಹಾಕಿದೆ. ಹತ್ತು ನಿಮಿಷವಾದರೂ ಅವರು ಬೆರಳು ಕದಲಿಸಲಿಲ್ಲ. ತೆಗೆದಾಗ ಉಗುರು ಬಿಳಿಚಿತ್ತು. ಕುಣಿಕೆ ನಿಂತಿತ್ತು.

ಆಂಬುಲೆನ್ಸ್ ಕಾಲು ಗಂಟೆ ಮೊದಲೇ ಬಂತು. ಅಂಚಿನ ಪಟ್ಟಿ ಮುಗಿದಿತ್ತು, ಆರು ಬಟನ್‌ಗಳಲ್ಲಿ ನಾಲ್ಕನ್ನು ಮಾತ್ರ ಹೊಲಿದಿದ್ದೆ. ಕೆನ್‌ರನ್ನು ಕುರ್ಚಿಯಲ್ಲಿ ಕೂರಿಸಿದ ಮೇಲೆ ಡೋರೀನ್ ಮೊದಲು ಅವರ ಬಿದ್ದ ಕೈಯನ್ನು ಸ್ವೆಟರಿನ ತೋಳಿನೊಳಗೆ ಸೇರಿಸಿದರು, ಆಮೇಲೆ ಇನ್ನೊಂದನ್ನು. ಕೆನ್ ತಲೆ ಬಗ್ಗಿಸಿ ಚಿತ್ತಾರ ನೋಡಿದರು. ಬಟನ್ ಹಾಕಲು ನಾನು ಮುಂದೆ ಬಂದಾಗ ತಲೆಯಾಡಿಸಿ ಬೇಡವೆಂದರು. ಬಲಗೈ ಹೆಬ್ಬೆರಳಿನಿಂದ ಒಂದೊಂದಾಗಿ ನಾಲ್ಕನ್ನೂ ತಾವೇ ಒತ್ತಿಕೊಂಡರು. ಆಸ್ಪತ್ರೆಯಿಂದ ಬಂದ ನರ್ಸ್ ಕೂಡ ನಿಂತು ನೋಡಿದಳು. ಮೂರು ವಾರದಲ್ಲಿ ಅವರು ಯಾರ ನೆರವೂ ಇಲ್ಲದೆ ಮಾಡಿದ ಮೊದಲ ಕೆಲಸ ಅದು ಎಂದು ಆಮೇಲೆ ಹೇಳಿದಳು.

ನಾವು ಡರ್ಬಿ ಬಿಡುವವರೆಗೂ ಕೆನ್ ಅದನ್ನು ತೊಡುತ್ತಿದ್ದರು. ಸ್ವೆಟರ್ ಮುಗಿಸಿಕೊಟ್ಟದ್ದಕ್ಕೆ ಡೋರೀನ್ ನನಗೆ ಎಷ್ಟೋ ಸಲ ಥ್ಯಾಂಕ್ಸ್ ಹೇಳಿದರು. ಆದರೆ ಅಂದು ಅವರ ಬಳಿ ಇದ್ದ ಸಮಯವೇ ಕಡಿಮೆ. ಅದರಲ್ಲಿ ಅರ್ಧವನ್ನು, ಪರಿಚಯವಾಗಿ ವರ್ಷವೂ ಆಗದ ಹೆಂಗಸೊಬ್ಬಳ ಅಂಜಿಕೆಗಾಗಿ ಬಿಟ್ಟುಕೊಟ್ಟರು. ಅದಕ್ಕೆ ನಾನು ಒಮ್ಮೆಯೂ ಥ್ಯಾಂಕ್ಸ್ ಹೇಳಲಿಲ್ಲ. ಆಗ ಅದು ಹೇಳಬೇಕಾದ ಮಾತು ಎಂದೇ ಹೊಳೆದಿರಲಿಲ್ಲ. ತಡವಾಗಿಯಾದರೂ ಇಲ್ಲಿ ಹೇಳುತ್ತಿದ್ದೇನೆ.