ಎತ್ತುವ ಹಾಡಿನ ಮಟ್ಟಿನಲ್ಲಿ ಪ್ಲೇಗಿನ ಪಾಠ

ಚಾಮರಾಜಪೇಟೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಮಹಾನಂದ ಎಂಬ ಮೇಡಂ ಇದ್ದಾಳೆ. ನಮ್ಮ ಮಾವಳ್ಳಿಯ ಹುಡುಗಿ. ಹುಡುಗಿ ಎಂಬುದು ನನ್ನ ಕಣ್ಣಿಗೆ ಮಾತ್ರ. ಅವಳ ತಲೆಯಲ್ಲಿ ಬೆಳ್ಳಿ ಕಾಣಿಸಿಕೊಂಡು ವರ್ಷಗಳಾದವು. ಅವಳು ಚರಿತ್ರೆಯನ್ನು ಓದಿಸುವುದಿಲ್ಲ, ಹಾಡಿಸುತ್ತಾಳೆ. ಪುಸ್ತಕದ ಪುಟವನ್ನು ಕಬ್ಬಿನ ಜಲ್ಲೆಯ ಹಾಗೆ ತುಂಡು ಮಾಡಿ, ಸಿಪ್ಪೆ ಬಿಸಾಕಿ, ರಸವಿರುವ ನಾಲ್ಕು ಮಾತನ್ನು ತಾನು ಬಲ್ಲ ಯಾವುದಾದರೂ ಮಟ್ಟಿಗೆ ಕೂರಿಸುತ್ತಾಳೆ. ಕೆರೆ ಕಟ್ಟಿಸಿದ ಪಾಠಕ್ಕೆ ರಾಗಿ ಬೀಸುವ ಹಾಡಿನ ಮಟ್ಟು. ಕೋಟೆಯ ಪಾಠಕ್ಕೆ ಕೋಲಾಟದ್ದು. ರೈಲು ಬಂದ ಪಾಠಕ್ಕೆ ಲಾಲಿ. ರೈಲಿಗೆ ಲಾಲಿ ಯಾಕಮ್ಮ ಎಂದು ಒಂದು ಸಲ ಕೇಳಿದ್ದೆ.

“ತೂಗುತ್ತಲ್ಲ ದೊಡ್ಡಪ್ಪ. ಮೆಜೆಸ್ಟಿಕ್ ಹತ್ರ ಹತ್ತಿದೋರು ತುಮಕೂರು ಬರೋಷ್ಟ್ರಲ್ಲಿ ಗೊರಕೆ” ಎಂದಿದ್ದಳು. ಆಗ ನಗುತ್ತಿದ್ದಳು.

ಸಂಗೀತವೂ ಅದರಲ್ಲೇ ಆಗಿಹೋಗುತ್ತದೆ. ಒಂದು ಸಾಲಿನ ಮಕ್ಕಳು ಬಾಯಿ ಮುಚ್ಚಿ ಶ್ರುತಿ ಹಿಡಿಯುತ್ತಾರೆ, ಒಂದು ಸಾಲು ಬೆಂಚಿನ ಮೇಲೆ ತಾಳ ಹಾಕುತ್ತದೆ, ಉಳಿದವರು ಹಾಡುತ್ತಾರೆ. ಪರೀಕ್ಷೆಯ ದಿನ ಮಕ್ಕಳು ಬರೆಯುವಾಗ ತುಟಿ ಅಲ್ಲಾಡುತ್ತಿರುತ್ತದೆ, ಕೋಣೆಯೆಲ್ಲ ಗುಂಯ್ ಎನ್ನುತ್ತದೆ. ಬೇರೆ ಶಾಲೆಯಿಂದ ಮೇಲ್ವಿಚಾರಣೆಗೆ ಬಂದ ಮೇಷ್ಟರೊಬ್ಬರು ಜೇನು ಕಟ್ಟಿದೆಯೇನೋ ಎಂದು ತಾರಸಿ ನೋಡಿದರಂತೆ.

ಈ ವಿದ್ಯೆ ಅವಳಿಗೆ ಟ್ರೈನಿಂಗ್ ಕಾಲೇಜಿನಿಂದ ಬಂದದ್ದಲ್ಲ. ಅಪ್ಪನಿಂದ ಬಂದದ್ದು. ಅಪ್ಪ ಆಂಜಿನಯ್ಯ ಲಾಲ್‌ಬಾಗಿನಲ್ಲಿ ಪಾತಿ ಮಾಡುತ್ತಿದ್ದ ಮಾಲಿ. ಕೆಲಸ ಮುಗಿದ ಮೇಲೆ ಸಾವಿನ ಮನೆಗಳಲ್ಲಿ ಭಜನೆ ಮಾಡುತ್ತಿದ್ದ ನಮ್ಮ ತಂಡಕ್ಕೆ ಅವನೇ ಮುಂದಾಳು. ಅವನ ಕೈಯಲ್ಲಿ ಚರ್ಮ ಬಿಗಿದ ದಮ್ಮಡಿ, ನನ್ನ ಕೈಯಲ್ಲಿ ತಾಳ. ಯಾವ ಗುರುವಿನ ಕಾಲೂ ಹಿಡಿಯದೆ ಕಲಿತದ್ದು ನಾವು. ಆದರೂ ಶ್ರುತಿ ಬಿಟ್ಟು ಹಾಡಿದರು ಎಂದು ಕೆ.ಆರ್. ಮಾರ್ಕೆಟ್ಟಿನಿಂದ ಮಾವಳ್ಳಿಯವರೆಗೆ ಒಬ್ಬರ ಬಾಯಲ್ಲೂ ಅನ್ನಿಸಿಕೊಂಡಿಲ್ಲ. ರಾತ್ರಿಯೆಲ್ಲ ಯಾರು ಬೇಕಾದರೂ ಹಾಡಬಹುದು. ಬೆಳಿಗ್ಗೆ ಹೆಣ ಎತ್ತುವಾಗಿನ ಹಾಡು ಮಾತ್ರ ಮುಂದಾಳಿನದು. ಅದಕ್ಕೆ ನಮ್ಮ ತಂಡದಲ್ಲಿ ಎರಡು ಕಟ್ಟಳೆ. ಸೂರಿನ ಕೆಳಗೆ ಅದನ್ನು ಹಾಡಕೂಡದು, ಹೊಸ್ತಿಲು ದಾಟಿದ ಮೇಲೆಯೇ ಎತ್ತಬೇಕು. ಇನ್ನೊಂದು, ಮುಂದಾಳು ತನ್ನ ಕೈಯಾರೆ ದಮ್ಮಡಿ ಕೊಟ್ಟ ಹೊರತು ಬೇರೆಯವರು ಅದನ್ನು ಹಾಡಕೂಡದು.

ಹೋದ ಬೇಸಿಗೆ ಆಂಜಿನಯ್ಯ ಬೆಳಗಿನ ಕಾಫಿ ಲೋಟ ಹಿಡಿದುಕೊಂಡೇ ಗೋಡೆಗೆ ಒರಗಿದವನು ಏಳಲಿಲ್ಲ. ದಮ್ಮಡಿಯನ್ನು ಯಾರಿಗೂ ಕೊಟ್ಟಿರಲಿಲ್ಲ. ಕೊಡಬೇಕಲ್ಲ ಎಂದು ಯಾರಿಗೂ ಹೊಳೆದಿರಲಿಲ್ಲ. ಗಟ್ಟಿ ಆಳು, ಮುದ್ದೆ ಮುರಿದು ನುಂಗುತ್ತಿದ್ದವನು. ಮಾರನೆಯ ದಿನ ಅವನನ್ನು ಹೊಸ್ತಿಲ ಆಚೆ ತಂದಾಗ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತೆವು. ಹಾಡು ಎಲ್ಲರಿಗೂ ಬರುತ್ತಿತ್ತು, ಹಕ್ಕು ಯಾರಿಗೂ ಇರಲಿಲ್ಲ. ಮಹಾನಂದಳಿಗೆ ಅಪ್ಪನ ಹಾಡು ಅಕ್ಷರ ಬಿಡದೆ ಬರುತ್ತಿತ್ತು. ಅವಳು ಬಾಗಿಲಲ್ಲಿ ನಿಂತು ನಮ್ಮ ಬಾಯಿಗಳನ್ನೇ ನೋಡುತ್ತಿದ್ದಳು. ಸಾವಿರ ಜನರನ್ನು ಹಾಡಿ ಕಳಿಸಿದವನು ಹಾಡಿಲ್ಲದೆ ಹೋದ.

ಅವಳು ಅಳಲಿಲ್ಲ. ತಿಥಿಯ ದಿನವೂ ಇಲ್ಲ. ಹೆಚ್ಚು ಹೊತ್ತು ಚಕ್ಕಳಮಕ್ಕಳ ಹಾಕಿ ಕೂತರೆ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಚಿವುಟಿದರೂ ಬೇರೆಯವರ ಕಾಲು ಚಿವುಟಿದ ಹಾಗಿರುತ್ತದಲ್ಲ, ಹಾಗಾಗಿದ್ದಳು. ಸಾರಿಗೆ ಉಪ್ಪು ಹಾಕಿದ್ದಾಳೋ ಇಲ್ಲವೋ ಅವಳಿಗೆ ತಿಳಿಯುತ್ತಿರಲಿಲ್ಲವೆಂದು ಗಂಡ ವಸಂತ್ ಹೇಳಿದ. ಹೇಗಿದ್ದೀಯಮ್ಮ ಎಂದರೆ “ಇದೀನಿ ದೊಡ್ಡಪ್ಪ” ಎನ್ನುವಳು. ಶಾಲೆ ಶುರುವಾಯಿತು, ಹೋದಳು.

ಮಳೆಗಾಲ ಕಳೆಯುವ ಹೊತ್ತಿಗೆ ಪ್ಲೇಗಿನ ಪಾಠ ಬಂತು. ಪೇಟೆಯಲ್ಲಿ ಪ್ಲೇಗು ಬಿದ್ದು ಜನ ಮನೆ ಬಿಟ್ಟು ಊರಾಚೆ ಹೋದದ್ದು, ಆಮೇಲೆ ಬಸವನಗುಡಿ, ಮಲ್ಲೇಶ್ವರದ ಬಡಾವಣೆಗಳು ಎದ್ದದ್ದು. ಯಾವ ಮಟ್ಟು ಹಾಕಲಿ ಎಂದು ಅವಳು ಯೋಚನೆಯೇ ಮಾಡಲಿಲ್ಲವಂತೆ. ಹಲಗೆಯ ಮುಂದೆ ನಿಂತಳು, ಬಾಯಿ ತೆರೆದಳು, ಅಪ್ಪನ ಎತ್ತುವ ಹಾಡಿನ ಮಟ್ಟು ಬಂತು. ಅದರಲ್ಲಿ ಪಾಠ ಕೂತುಕೊಂಡಿತು.

ಪೇಟೆಯ ಒಳಗೆ ಇಲಿಗಳು ಬಿದ್ದವು, ಬಾಗಿಲು ಹಾಕಣ್ಣ
ಊರಿನ ಆಚೆ ತಟ್ಟಿಯ ಗುಡಿಸಲು, ಗಂಟನು ಕಟ್ಟಣ್ಣ

ಮಕ್ಕಳು ಅದನ್ನು ಒಂದೇ ಪಿರಿಯಡ್ಡಿನಲ್ಲಿ ನುಂಗಿಕೊಂಡರು. ಹೆಡ್ ಮಾಸ್ಟರ್ ಗೌರೀಶ್ ಬಸವನಗುಡಿಯ ಕಡೆಯವರು, ಮನೆತುಂಬ ವೀಣೆ ಪಿಟೀಲು. ಕಾರಿಡಾರಿನಲ್ಲಿ ನಿಂತು ಕೇಳಿ, ಇದನ್ನೇ ಶಾಲೆಯ ವಾರ್ಷಿಕೋತ್ಸವಕ್ಕೆ ಇಡೋಣ ಎಂದರು. ಸಾವಿನ ಮನೆಯ ಭಜನೆ ಕೇಳಿ ಬೆಳೆದವರಾಗಿದ್ದರೆ ಆ ಮಾತು ಅವರ ಬಾಯಿಂದ ಬರುತ್ತಿರಲಿಲ್ಲ. ಮಹಾನಂದ ಕೇಳಿ ಬೆಳೆದವಳೇ. ಆದರೆ ಅವಳಿಗೆ ಅದು ಸಾವಿನ ಹಾಡಾಗಿರಲಿಲ್ಲ, ಅಪ್ಪ ಹಿತ್ತಲಲ್ಲಿ ಮುಖ ತೊಳೆಯುವಾಗ ಗುನುಗುತ್ತಿದ್ದ ಹಾಡು.

ಅವಳ ತರಗತಿಯಲ್ಲಿ ಧನುಶ್ರೀ ಎಂಬ ಹುಡುಗಿ. ಅವಳ ಅಜ್ಜಿ ಅಂಜಿನಮ್ಮ ಈ ಮಳೆಗಾಲದಲ್ಲಷ್ಟೇ ಮಾರ್ಕೆಟ್ಟಿನ ಕಡೆಯಿಂದ ನಮ್ಮ ಬೀದಿಗೆ ಬಂದವಳು. ಮಾರ್ಕೆಟ್ಟಿನಲ್ಲಿ ಹೂ ಕಟ್ಟುತ್ತಾಳೆ, ನಾಲಿಗೆ ಮಾತ್ರ ಮೆಣಸಿನಕಾಯಿ ಮಂಡಿ. ಅವಳ ಗಂಡ ಆಪರೇಷನ್ ಆಗಿ ಆಸ್ಪತ್ರೆಯಿಂದ ಆಗಷ್ಟೇ ಮನೆಗೆ ಬಂದು ಮಲಗಿದ್ದ. ಮಗು ಅವನ ಮಂಚದ ಪಕ್ಕ ಕೂತು ತೊಡೆ ತಟ್ಟಿಕೊಂಡು ಪಾಠ ಹಾಡಿತು. ಮುದುಕ ಕಣ್ಣು ಬಿಟ್ಟು, “ನಾನಿನ್ನೂ ಇದೀನಲ್ಲೇ” ಎಂದನಂತೆ.

ಮಾರನೆಯ ಬೆಳಿಗ್ಗೆ ಅಂಜಿನಮ್ಮ ನನ್ನ ಬಾಗಿಲಿಗೆ ಬಂದಳು. “ಏಳು ಶೀನಣ್ಣ. ನೀನು ತಾಳ ಹಾಕಿದೋನು. ಅದು ಎತ್ತೋ ಹಾಡೋ ಅಲ್ವೋ, ನಿನ್ ಕಿವಿಲೇ ಕೇಳಿ ಆ ಹೆಡ್ ಮಾಸ್ಟ್ರಿಗೆ ಹೇಳು.”

ಹೋದೆವು. ಗೌರೀಶ್ ಮಕ್ಕಳಿಂದ ಹಾಡಿಸಿದರು. ನನ್ನ ಕೈ ತನ್ನಷ್ಟಕ್ಕೆ ತೊಡೆಯ ಮೇಲೆ ತಾಳ ಹಾಕತೊಡಗಿತು. ಅಂಜಿನಮ್ಮ ಅದನ್ನೇ ತೋರಿಸಿದಳು. “ನೋಡಿ ಸಾರ್, ಸಾಕ್ಷಿ ಬಾಯಿ ಬಿಡೋಕ್ ಮುಂಚೆ ಕೈ ಹೇಳ್ಬಿಡ್ತು.”

“ಒಳ್ಳೇ ಟ್ಯೂನ್ ಅಲ್ವೇನಮ್ಮ ಇದು? ಎಷ್ಟು ಚೆನ್ನಾಗಿದೆ” ಎಂದರು ಗೌರೀಶ್.

“ಚೆನ್ನಾಗೇ ಐತೆ. ಚಟ್ಟಕ್ಕೆ ಕಟ್ಟೋ ಚೆಂಡು ಹೂವೂ ಚೆನ್ನಾಗೇ ಇರ್ತದೆ, ಮುಡ್ಕೊಂಡ್ ಆಫೀಸಿಗೆ ಬರ್ತೀರಾ?”

ಗೌರೀಶ್ ನಕ್ಕುಬಿಟ್ಟರು. ಆಮೇಲೆ ನಗು ನಿಲ್ಲಿಸಿ ಮಹಾನಂದಳ ಕಡೆ ತಿರುಗಿದರು. “ಮೇಡಂ, ಮಟ್ಟು ಬದಲಾಯಿಸಿಬಿಡಿ. ಸೋಮವಾರದಿಂದ ಬೇರೆಯದು. ನಿಮಗೇನು, ನೂರು ಬರುತ್ತೆ.”

ಮಕ್ಕಳನ್ನು ಹೊರಗೆ ಕಳಿಸಿದರು. ಮಹಾನಂದ ಡಸ್ಟರನ್ನು ಮೇಜಿನ ಮೇಲೆ ನೇರ ಮಾಡಿದಳು. ಪಾಠದ ಬಗ್ಗೆ ಮಾತಾಡುವ ದನಿಯಲ್ಲೇ ಹೇಳಿದಳು: “ಬದಲಾಯಿಸ್ತೀನಿ ಸಾರ್. ಆದ್ರೆ ಅಪ್ಪ ಹೋದಾಗಿಂದ ನನಗೇನೂ ತಿಳೀತಿಲ್ಲ. ಬಿಸಿ, ತಣ್ಣಗೆ, ಏನೂ. ಈ ಮಟ್ಟಲ್ಲಿ ಪಾಠ ಮಾಡುವಾಗ ಮಾತ್ರ ಗಂಟಲು ನಂದು ಅನ್ಸುತ್ತೆ. ಅಪ್ಪ ದಮ್ಮಡಿ ಹಿಡಿದು ಹಾಡ್ತಿದ್ದ ಹಾಡು ಇದು, ಅಪ್ಪನಿಗೇ ಯಾರೂ ಹಾಡ್ಲಿಲ್ಲ. ಇಲ್ಲೂ ಬಿಟ್ಬಿಟ್ರೆ ಇನ್ನೆಲ್ಲಿ ಹಾಡೋದು, ಅದೊಂದು ಗೊತ್ತಾಗ್ತಿಲ್ಲ.”

ಅಂಜಿನಮ್ಮ ಅವಳ ಮುಖವನ್ನು ಮತ್ತೊಮ್ಮೆ ನೋಡಿದಳು. ಮಗುವಿನ ಮೇಡಂ ಆಂಜಿನಯ್ಯನ ಮಗಳೆಂಬುದು ಅವಳಿಗೆ ಗೊತ್ತಿರಲಿಲ್ಲ. “ನೀನು ದಮ್ಮಡಿ ಆಂಜಿನಯ್ಯನ ಮಗಳಾ?” ಎಂದಳು. ನನ್ನ ಕಡೆ ತಿರುಗಿದಳು. “ಅಷ್ಟು ಜನ ಗಂಡಸರಿದ್ದು ಹಾಡಿಲ್ದೆ ಕಳಿಸಿದ್ರಾ?”

“ಕಟ್ಟಳೆ ಅಂಜಿನಮ್ಮ” ಎಂದೆ.

“ಕಟ್ಟಳೆ! ಕೋಣ ಸತ್ತರೂ ಕೊರಳ ಗಂಟೆ ಬಿಚ್ಚೋಕೆ ಮುಹೂರ್ತ ಕೇಳೋ ಜನ.” ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. ಆಮೇಲೆ ಮಹಾನಂದಳ ಹತ್ತಿರ ಹೋಗಿ ಮೆಲ್ಲಗೆ, “ನೋಡವ್ವ, ಆ ಹಾಡು ತನ್ನ ಹೆಣ ಹುಡುಕ್ಕೊಂಡು ತಿರುಗ್ತಾ ಐತೆ. ಅದಕ್ಕೇ ನನ್ ಗಂಡನ ಮಂಚದವರೆಗೂ ಬಂತು. ಅದರ ಜಾಗಕ್ಕೆ ಅದನ್ನ ಕರ್ಕೊಂಡ್ ಹೋಗು. ಸೂರಿಲ್ಲದ ಕಡೆ. ಅಲ್ಲಿ ನಿಮ್ಮಪ್ಪನಿಗೆ ಹಾಡ್ಬಿಡು. ಇಲ್ಲಿಗೆ ಮತ್ತೆ ತರಬ್ಯಾಡ” ಎಂದಳು.

“ದಮ್ಮಡಿ ಕೊಟ್ಟಿಲ್ಲವಲ್ಲ” ಎಂದೆ ನಾನು.

“ಹುಟ್ಟಿಸಿ ಗಂಟಲನ್ನೇ ಕೊಟ್ಟಿದಾನಲ್ಲ ಶೀನಣ್ಣ, ಇನ್ನೇನು ಕೈಯಾರೆ ಕೊಡ್ಬೇಕಿತ್ತು?”

ಅವತ್ತು ಸಂಜೆಯೇ ತಂಡದವರಿಗೆ ಹೇಳಿದೆ. ಒಬ್ಬಿಬ್ಬರು ಗೊಣಗಿದರು, ಯಾರೂ ಅಡ್ಡ ಬರಲಿಲ್ಲ.

ಭಾನುವಾರ ಬೆಳಗಿನ ಎಳೆ ಬಿಸಿಲಿನಲ್ಲಿ ಚಾಮರಾಜಪೇಟೆಯ ರುದ್ರಭೂಮಿಗೆ ಹೋದೆವು. ಆಂಜಿನಯ್ಯನ ಗುಡ್ಡೆಯ ಮಣ್ಣು ಮಳೆಗೆ ಕುಸಿದು ಹುಲ್ಲು ಬಂದಿತ್ತು. ವಸಂತ್ ಹುಲ್ಲು ಕೀಳಹೋದ. ಮಾಲಿಯ ಮೇಲಿನ ಹುಲ್ಲು, ಇರಲಿ ಬಿಡಪ್ಪ ಎಂದೆ. ಅಂಜಿನಮ್ಮ ಬುಟ್ಟಿಯಲ್ಲಿ ಚೆಂಡು ಹೂ ತಂದಿದ್ದಳು. ದಮ್ಮಡಿಯನ್ನು ಮಹಾನಂದಳ ಕೈಗೆ ಕೊಟ್ಟೆವು. ನಾನು ತಾಳ ತೆಗೆದೆ.

ಆಂಜಿನಯ್ಯನ ಹಾಡಿನ ಮಾತು ಬೇರೆ. ಬಾಗಿಲು ಬಿಡಣ್ಣ, ಗಂಟು ಬಿಡಣ್ಣ, ಬಂದ ದಾರಿ ಬಿಟ್ಟು ಹೋಗುವ ದಾರಿ ಹಿಡಿಯಣ್ಣ ಎಂದು ಸತ್ತವನಿಗೆ ಹೇಳುವ ಮಾತು. ಅವಳು ದಮ್ಮಡಿ ಬಡಿದಳು, ಶ್ರುತಿ ಹಿಡಿದಳು. ಅಪ್ಪನ ಗಂಟಲೇ. ಬಾಯಿ ತೆರೆದಳು.

ಪೇಟೆಯ ಒಳಗೆ ಇಲಿಗಳು ಬಿದ್ದವು, ಬಾಗಿಲು ಹಾಕಣ್ಣ.

ನಿಲ್ಲಿಸಿದಳು. ಮತ್ತೆ ಎತ್ತಿದಳು. ಮತ್ತೆ ಇಲಿಗಳೇ ಬಿದ್ದವು. ಇಷ್ಟು ದಿನ ದಿನಾ ಮಕ್ಕಳಿಗೆ ಹೇಳಿಕೊಟ್ಟು ಹೇಳಿಕೊಟ್ಟು ಅವಳ ನಾಲಿಗೆಯ ಮೇಲೆ ಪಾಠ ಕೂತುಬಿಟ್ಟಿತ್ತು. ಅಪ್ಪನ ಮಾತು ಎದ್ದು ಹೋಗಿತ್ತು. ನಾನು ಮೊದಲ ಮಾತು ಎತ್ತಿಕೊಡಲು ಹೋದೆ. ಅವಳು ಬೇಡವೆಂದು ಕೈ ಮಾಡಿದಳು. ಮೂರನೆಯ ಸಲ ನಿಲ್ಲಿಸದೆ ಪಾಠವನ್ನೇ ಹಾಡಿದಳು. ಇಲಿ ಬಿದ್ದದ್ದು, ಜನ ಗಂಟು ಕಟ್ಟಿದ್ದು, ತಟ್ಟಿಯ ಗುಡಿಸಲಲ್ಲಿ ಚಳಿಗೆ ಕೂತದ್ದು.

ಬಸವನಗುಡಿಯಲಿ ದಾರವ ಹಿಡಿದರು, ಬೀದಿಯು ನೇರಣ್ಣ
ಮಲ್ಲೇಶ್ವರದಲಿ ಬಾವಿಯ ತೋಡಿದರು, ಮನೆಮನೆ ದೂರಣ್ಣ

ನಾವು ತಂಡದವರು ಹಿಂದಿನಿಂದ ಸೊಲ್ಲು ಹಿಡಿದೆವು. ಮುದುಕರು, ಶಾಲೆಯ ಮಕ್ಕಳ ಹಾಗೆ. ನಮಗೆ ಮಾತು ಬರುತ್ತಿರಲಿಲ್ಲ, ‘ಅಣ್ಣ’ ಎನ್ನುವ ಕೊನೆ ಮಾತ್ರ ಹೇಳಿದೆವು. ಹಾಡು ಮುಗಿಯಿತು. ಆಚೆ ರಸ್ತೆಯಲ್ಲಿ ಬಸ್ಸುಗಳು ಹಾರ್ನ್ ಹೊಡೆದವು.

“ಇರ್ಲಿ ಬಿಡು” ಎಂದಳು ಅಂಜಿನಮ್ಮ. “ಶಾಲೆ ಕಂಡೋನಲ್ಲ, ಒಂದು ಪಾಠ ಆಯ್ತು.”

ಮಹಾನಂದ ಅಳುತ್ತಾಳೆಂದು ನಾವೆಲ್ಲ ಕಾದೆವು, ಸುಳ್ಳೇಕೆ ಹೇಳಲಿ. ವಸಂತ್ ನೀರಿನ ಬಾಟಲಿ ತೆರೆದು ಹಿಡಿದುಕೊಂಡೇ ನಿಂತಿದ್ದ. ಅವಳು ದಮ್ಮಡಿಯ ಚರ್ಮವನ್ನು ಸೆರಗಿನಿಂದ ಒರೆಸಿದಳು. ಗುಡ್ಡೆಯ ಮಣ್ಣನ್ನು ಅಂಗೈಯಿಂದ ಮುಟ್ಟಿ ನೋಡಿದಳು. “ಬಿಸಿಲಿದೆ, ಆದ್ರೂ ಮಣ್ಣು ತಣ್ಣಗಿದೆ ದೊಡ್ಡಪ್ಪ” ಎಂದಳು. ಅಷ್ಟೇ. ತಣ್ಣಗಿರುವುದು ಅವಳಿಗೆ ತಿಳಿಯಿತಲ್ಲ ಎಂದು ನಾನು ಅಂದುಕೊಂಡೆ. ಜೋಮು ಒಂದೇ ಏಟಿಗೆ ಬಿಡುವುದಲ್ಲ.

ಸೋಮವಾರದ ಸುದ್ದಿಯನ್ನು ಧನುಶ್ರೀ ಬೀದಿಗೆಲ್ಲ ಹಂಚಿದಳು. ಮೇಡಂ ಪ್ಲೇಗಿನ ಪಾಠಕ್ಕೆ ಕೋಲಾಟದ ಮಟ್ಟು ಹಾಕಿದರಂತೆ. ಅದರಲ್ಲಿ ಇಲಿಗಳು ಕುಣಿದುಕೊಂಡು ಸತ್ತವು ಎಂದು ಹುಡುಗರು ನಕ್ಕರಂತೆ. “ಮಿಸ್, ಹಳೇದೇ ಚೆನ್ನಾಗಿತ್ತು, ಅದನ್ನೇ ಹಾಡೋಣ” ಎಂದು ಒಬ್ಬ ಗೋಗರೆದನಂತೆ.

“ಅದು ಖಾಲಿ ಆಯ್ತು ಕಣೋ” ಎಂದರಂತೆ ಮೇಡಂ. “ಬೆಂಚಿನ ಸಾಲು, ತಾಳ ಹಿಡೀರಿ.”